ಲಾಕ್ ಮಾಡಿದ್ರೂ ಸೈಡ್ ಮಿರರ್ ಮಡಚ್ತಿಲ್ಲ: ಮೋಟಾರಾ, ವೈರಾ, ಸೆಟ್ಟಿಂಗಾ?

ಹೊಸರಸ್ತೆ

ಕಾಂಪ್ಯಾಕ್ಟ್ ಎಸ್‌ಯುವಿ, ಟಾಪ್ ವೇರಿಯಂಟ್, 2019ರ ಗಾಡಿ. ರಿಮೋಟ್‌ನಲ್ಲಿ ಲಾಕ್ ಮಾಡಿದಾಗ ಎರಡೂ ಮಿರರ್ ತಾನಾಗಿ ಮಡಚಬೇಕು. ಎಡಗಡೇದು ಸರಿಯಾಗಿದೆ. ಡ್ರೈವರ್ ಕಡೇದು ಒಮ್ಮೊಮ್ಮೆ ಮಡಚುತ್ತೆ, ಒಮ್ಮೊಮ್ಮೆ ಅರ್ಧಕ್ಕೆ ನಿಲ್ಲುತ್ತೆ, ಹೆಚ್ಚಿನ ಸಲ ಅಲ್ಲಾಡೋದೇ ಇಲ್ಲ. ಡೋರ್ ಮೇಲಿನ ಬಟನ್ ಒತ್ತಿದ್ರೂ ಹಾಗೇ. ಗ್ಲಾಸ್ ಮೇಲೆ-ಕೆಳಗೆ, ಆಚೆ-ಈಚೆ ಅಡ್ಜಸ್ಟ್ ಆಗುತ್ತೆ, ಮಿರರ್‌ನಲ್ಲಿರೋ ಇಂಡಿಕೇಟರ್ ಉರಿಯುತ್ತೆ. ಪೂರ್ತಿ ಮಿರರ್ ಅಸೆಂಬ್ಲಿ ಬದಲಿಸಬೇಕು ಅಂತ ಎಸ್ಟಿಮೇಟ್ ಬಂದಿದೆ. ಅದಕ್ಕೆ ಒಪ್ಪೋ ಮುಂಚೆ ನಾವೇ ಏನೇನು ಪರೀಕ್ಷೆ ಮಾಡಬಹುದು?

ಹನ್ನೆರಡು_ವೋಲ್ಟ್

ಅಸೆಂಬ್ಲಿಗೆ ಈಗಲೇ ಒಪ್ಪಬೇಡಿ. ಒಂದು ಕಡೆ ಕೆಲಸ ಮಾಡ್ತಿದೆ ಅಂದ್ರೆ ಅರ್ಧ ಪರೀಕ್ಷೆ ಆಗಲೇ ಮುಗಿದ ಹಾಗೆ. ಫ್ಯೂಸ್, ಬಟನ್, ಸೆಟ್ಟಿಂಗ್, ಲಾಕ್ ಸಿಗ್ನಲ್ ಇವೆಲ್ಲ ಎರಡೂ ಮಿರರ್‌ಗೆ ಒಂದೇ. ಇವುಗಳಲ್ಲಿ ಏನೇ ಕೆಟ್ಟರೂ ಸಾಮಾನ್ಯವಾಗಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಒಂದೇ ನಿಂತಿದ್ರೆ ಉಳಿಯೋದು ಆ ಡೋರ್‌ನ ವೈರಿಂಗ್, ಕಪ್ಲರ್ (ವೈರ್‌ಗಳನ್ನು ಜೋಡಿಸೋ ಪ್ಲಗ್), ಮಡಚುವ ಮೋಟಾರ್, ಗೇರ್, ಮತ್ತೆ ತಿರುಗುವ ಜಾಗದ ಬಿಗಿತ. ಇಷ್ಟೇ. (ಪ್ರತಿ ಡೋರ್‌ಗೂ ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್ ಇರೋ ದುಬಾರಿ ಗಾಡಿಗಳಲ್ಲಿ ಆ ಮಾಡ್ಯೂಲನ್ನೂ ಈ ಪಟ್ಟಿಗೆ ಸೇರಿಸಿ.)

ಗ್ಲಾಸ್ ಅಡ್ಜಸ್ಟ್ ಆಗುತ್ತೆ ಅನ್ನೋದರಿಂದ ಮಡಚುವ ಭಾಗ ಸರಿ ಇದೆ ಅಂತ ಹೇಳೋಕಾಗಲ್ಲ. ಗ್ಲಾಸಿಗೆ ಬೇರೆ ಎರಡು ಪುಟ್ಟ ಮೋಟಾರ್ ಇರುತ್ತವೆ, ಅವುಗಳ ವೈರೂ ಬೇರೆ. ಮಡಚುವ ಮೋಟಾರ್‌ಗೆ ಇರೋದು ಎರಡೇ ವೈರ್. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಬಂದ್ರೆ ಮಡಚುತ್ತೆ, ಅದಲುಬದಲಾದ್ರೆ ಬಿಚ್ಚಿಕೊಳ್ಳುತ್ತೆ.

ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ರಸ್ತೆ ಗದ್ದಲ ಇಲ್ಲದ ಕಡೆ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಮಿರರ್‌ಗೆ ಕಿವಿ ಕೊಡಲಿ.

– ಗರಗರ ಸದ್ದು ಇದೆ, ಮಿರರ್ ಕದಲಲ್ಲ: ಮೋಟಾರ್ ತಿರುಗ್ತಿದೆ, ಗೇರ್ ಸವೆದಿದೆ ಇಲ್ಲವೇ ಮಿರರ್ ಒಳಗಿನ ಕ್ಲಚ್ (ಪೆಟ್ಟು ಬಿದ್ರೆ ಜಾರೋ ಹಲ್ಲಿನ ಬಿಲ್ಲೆಗಳು) ಜಾಗ ತಪ್ಪಿದೆ.
– ಒಂದು ಸಲ ಟಕ್ ಅಂತ ಅಥವಾ ಸಣ್ಣ ಗುಂಯ್, ಆಮೇಲೆ ಮೌನ: ಮೋಟಾರ್‌ಗೆ ಕರೆಂಟ್ ಬರ್ತಿದೆ, ತಿರುಗುವ ಜಾಗ ಬಿಗಿದಿದೆ. ವೋಲ್ಟೇಜ್ ಸಾಲದೇ ಇದ್ರೂ ಹೀಗೇ ಕೇಳಿಸುತ್ತೆ.
– ಏನೂ ಸದ್ದಿಲ್ಲ: ಕರೆಂಟೇ ತಲುಪ್ತಿಲ್ಲ, ಅಥವಾ ಮೋಟಾರ್ ಸತ್ತಿದೆ.

ಇನ್ನೊಂದು: ಡೋರ್ ಪೂರ್ತಿ ಮುಚ್ಚಿ ಒಮ್ಮೆ, ಅರ್ಧ ತೆಗೆದು ಒಮ್ಮೆ, ಪೂರ್ತಿ ತೆಗೆದು ಒಮ್ಮೆ ಒತ್ತಿ ನೋಡಿ. ಡೋರ್ ಇರೋ ಕೋನಕ್ಕೆ ತಕ್ಕಂತೆ ಫಲಿತಾಂಶ ಬದಲಾದ್ರೆ ಮಿರರ್ ಬಿಚ್ಚೋ ಅಗತ್ಯವೇ ಇಲ್ಲ, ತೊಂದರೆ ಹಿಂಜಿನ ಹತ್ತಿರದ ರಬ್ಬರ್ ಬೂಟ್ (ಬಾಡಿಯಿಂದ ಡೋರ್‌ಗೆ ಹೋಗೋ ವೈರ್‌ಗಳ ರಬ್ಬರ್ ಕೊಳವೆ) ಒಳಗಿದೆ.

ಗೇರ್‌ಬದಲು

ಇದೇ ಎಳೆಯಲ್ಲಿ ಕೇಳ್ತೀನಿ. ನನ್ನ ಗಾಡೀಲಿ ಬಟನ್ ಒತ್ತಿದ್ರೆ ಎರಡೂ ಚೆನ್ನಾಗಿ ಮಡಚುತ್ತವೆ. ಲಾಕ್ ಮಾಡಿದಾಗ ಮಾತ್ರ ಎರಡೂ ಮಡಚಲ್ಲ. ಇದಕ್ಕೂ ವೈರಿಂಗೇ?

ಬೀಗದಕೈ

ಅಲ್ಲ. ಬಟನ್‌ನಲ್ಲಿ ಮಡಚುತ್ತೆ ಅಂದ್ರೆ ಮೋಟಾರ್, ಡೋರ್ ವೈರಿಂಗ್ ಎರಡೂ ಆರೋಗ್ಯವಾಗಿವೆ. ನಿಮ್ಮದು ಆಜ್ಞೆ ಹೊರಡದ ಸಮಸ್ಯೆ. ಈ ಕ್ರಮದಲ್ಲಿ ನೋಡಿ.

ಎಲ್ಲಕ್ಕಿಂತ ಮೊದಲು, ನಿಮ್ಮ ವೇರಿಯಂಟ್‌ನಲ್ಲಿ ಈ ಸೌಲಭ್ಯ ಇದೆಯಾ? ಬ್ರೋಶರ್‌ನಲ್ಲಿ ‘ಎಲೆಕ್ಟ್ರಿಕ್ ಫೋಲ್ಡಿಂಗ್’ ಅಂತಿದ್ರೆ ಬಟನ್‌ನಲ್ಲಿ ಮಡಚುತ್ತೆ ಅಂತ ಮಾತ್ರ ಅರ್ಥ. ಲಾಕ್ ಜೊತೆ ಮಡಚೋದಕ್ಕೆ ‘ಆಟೋ ಫೋಲ್ಡ್’ ಅಂತಲೋ, ಮಾರುತಿ ಸ್ವಿಫ್ಟ್ ಟಾಪ್ ವೇರಿಯಂಟ್‌ಗೆ ಬರೆದ ಹಾಗೆ ‘ಕೀ ಸಿಂಕ್ರೊನೈಸ್ಡ್’ ಅಂತಲೋ ಬೇರೆಯೇ ನಮೂದಿಸಿರ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇಲ್ಲಿ ಬಹಳ ಎಡವೋದು. ಹಿಂದಿನ ಓನರ್ ಹೊರಗಿನ ಮಾಡ್ಯೂಲ್ ಹಾಕಿಸಿ ಮಾರುವಾಗ ಕಿತ್ತುಕೊಂಡಿರಬಹುದು.

ಆಮೇಲೆ ಬಟನ್ ಇರೋ ಸ್ಥಾನ. ಹ್ಯುಂಡೈ, ಕಿಯಾದ ಹಲವು ಮಾದರಿಗಳಲ್ಲಿ ಇದಕ್ಕೆ ಮೂರು ಸ್ಥಾನ: ಒಂದು ಕಡೆ ಬಿಚ್ಚು, ಇನ್ನೊಂದು ಕಡೆ ಮಡಚು, ನಡುವೆ ಆಟೋ. ನಡುವೆ ಇದ್ದರೆ ಮಾತ್ರ ಲಾಕ್ ಮಾತು ಕೇಳುತ್ತೆ. ಕಾರ್ ತೊಳೆಯೋರು ಒರೆಸುವಾಗ ಅದು ಪಕ್ಕಕ್ಕೆ ಸರಿದಿದ್ರೆ ಯಾರ ಗಮನಕ್ಕೂ ಬರಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದ ತಿರುಗುವ ಗುಬ್ಬಿಯದ್ದು (ನಾಬ್) ಉಲ್ಟಾ ಪಾಠ: ಮಡಚುವ ಗುರುತಿನ ಮೇಲೇ ಗುಬ್ಬಿ ಬಿಟ್ಟು ಇಳಿದ್ರೆ, ಅನ್‌ಲಾಕ್ ಮಾಡಿದಾಗ ಮಿರರ್ ಬಿಚ್ಚಿಕೊಳ್ಳಲ್ಲ. ಅದು ಕೆಟ್ಟಿದ್ದಲ್ಲ, ನೀವು ಕೊಟ್ಟ ಆಜ್ಞೆಯನ್ನೇ ಪಾಲಿಸ್ತಿದೆ.

ಮೂರನೇದು ಸ್ಕ್ರೀನ್ ಒಳಗಿನ ಸೆಟ್ಟಿಂಗ್. ವೆಹಿಕಲ್ ಸೆಟ್ಟಿಂಗ್ಸ್‌ನಲ್ಲಿ ಕನ್ವೀನಿಯೆನ್ಸ್, ಮಿರರ್ಸ್, ಲಾಕ್ ಇಂಥ ತಲೆಬರಹಗಳ ಕೆಳಗೆ ಇರುತ್ತೆ. ಬ್ಯಾಟರಿ ಬದಲಿಸಿದ ಮೇಲೆ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ರೆ ಮೊದಲು ಇಲ್ಲೇ ನೋಡಿ. ಕೆಲವು ಗಾಡಿಗಳಲ್ಲಿ ಲಾಕ್ ಬಟನ್ ಒತ್ತಿ ಬಿಟ್ಟರೆ ಸಾಲದು, ಒತ್ತಿ ಹಿಡಿಯಬೇಕು.

ನಾಲ್ಕನೇದು, ಲಾಕ್ ನಿಜಕ್ಕೂ ಪೂರ್ತಿಯಾಯ್ತಾ? ಲಾಕ್ ಒತ್ತಿದಾಗ ನಾಲ್ಕೂ ಇಂಡಿಕೇಟರ್ ಮಿನುಗಬೇಕು. ಮಿನುಗದೇ ಡೋರ್‌ಗಳ ಟಕ್ ಸದ್ದು ಮಾತ್ರ ಬಂದ್ರೆ, ಯಾವುದೋ ಡೋರ್, ಡಿಕ್ಕಿ ಅಥವಾ ಬಾನೆಟ್ ಇನ್ನೂ ತೆರೆದಿದೆ ಅಂತ ಗಾಡಿ ತಿಳಿದಿದೆ. ಕಣ್ಣಿಗೆ ಮುಚ್ಚಿಯೇ ಕಾಣುತ್ತೆ, ಆದರೆ ಲ್ಯಾಚ್ ಒಳಗಿನ ಮೈಕ್ರೋ ಸ್ವಿಚ್ ಕೆಟ್ಟಿರುತ್ತೆ. ಬಾನೆಟ್ ಸ್ವಿಚ್ ಮಳೆನೀರು, ಕೆಸರಿಗೆ ಸಿಕ್ಕಿ ಬೇಗ ಹಾಳಾಗುತ್ತೆ. ಮೀಟರ್‌ನಲ್ಲಿ ಡೋರ್ ಚಿತ್ರ ಬರುತ್ತಾ, ರೂಫ್ ಲೈಟ್ ಆರೋದು ತಡವಾಗುತ್ತಾ ಗಮನಿಸಿ.

ಇನ್ನು ಒಳಗಿನಿಂದ ಸೆಂಟ್ರಲ್ ಲಾಕ್ ಬಟನ್ ಒತ್ತಿದ್ರೆ, ಅಥವಾ ಕೀಲಿ ತೂರಿಸಿ ತಿರುಗಿಸಿದ್ರೆ ಬಹುತೇಕ ಗಾಡಿಗಳಲ್ಲಿ ಮಿರರ್ ಮಡಚಲ್ಲ. ಹಾಗೇ ರೂಪಿಸಿರೋದು.

ಗೇರ್‌ಬದಲು

ಇಂಡಿಕೇಟರ್ ಮಿನುಗ್ತಿಲ್ಲ! ಇಷ್ಟು ದಿನ ಅದನ್ನ ಗಮನಿಸೇ ಇರಲಿಲ್ಲ. ಮೀಟರ್‌ನಲ್ಲಿ ಡೋರ್ ಚಿತ್ರವೂ ಇಲ್ಲ.

ಬೀಗದಕೈ

ಹಾಗಾದ್ರೆ ಬಾನೆಟ್ ಮೇಲೇ ಅನುಮಾನ. ಕೆಲವು ಗಾಡಿಗಳ ಮೀಟರ್‌ನಲ್ಲಿ ಬಾನೆಟ್‌ಗೆ ಚಿತ್ರವೇ ಇರಲ್ಲ. ಬಾನೆಟ್ ಲ್ಯಾಚ್ ಪಕ್ಕದಲ್ಲಿ ಎರಡು ವೈರ್ ಹೋಗಿರೋ ಸಣ್ಣ ಕಪ್ಲರ್ ಹುಡುಕಿ. ಬಿಚ್ಚಿ ನೋಡಿ, ಹಸಿರು ಪಾಚಿ ಥರ ತುಕ್ಕು ಇದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಹಾಕಿ. ಮಲ್ಟಿಮೀಟರ್‌ನ ಕಂಟಿನ್ಯೂಟಿಯಲ್ಲಿ (ಸರ್ಕ್ಯೂಟ್ ಕೂಡಿದೆಯಾ ಅಂತ ತೋರಿಸೋ ಸ್ಥಾನ) ಸ್ವಿಚ್‌ನ ಎರಡು ಪಿನ್ ಹಿಡಿದು ಸ್ವಿಚ್ಚನ್ನು ಕೈಯಲ್ಲಿ ಒತ್ತಿ ಬಿಡಿ. ಸ್ಥಿತಿ ಬದಲಾಗಲೇಬೇಕು. ಬದಲಾಗದಿದ್ರೆ ಸ್ವಿಚ್ ಬದಲಿಸಿ. ವೈರ್ ಜೋಡಿಸಿ ಶಾರ್ಟ್ ಮಾಡಿ ಬಿಡೋ ಐಡಿಯಾ ಯಾರಾದ್ರೂ ಕೊಟ್ರೆ ಬೇಡ ಅನ್ನಿ. ಅಲಾರಂಗೆ ಬಾನೆಟ್ ತೆರೆದದ್ದು ಆಮೇಲೆ ಗೊತ್ತೇ ಆಗಲ್ಲ.

ಹುಬ್ಳಿ_ಗ್ಯಾರೇಜ್

ಮೊದಲು ಕೇಳಿದವರಿಗೆ ಒಂದ್ ಮಾತು. ಅರ್ಧಕ್ಕೆ ನಿಲ್ಲತೈತಿ ಅಂದ್ರಲ್ಲ, ಯಾರರೆ ಕೈಲೆ ಮಡಚ್ಯಾರೇನು ನೋಡ್ರಿ. ಪಾರ್ಕಿಂಗಿನ್ಯಾಗ ಬೈಕಿನವ್ರು ತಟ್ಟಿಸಿಕೊಂಡು ಹೋಗಿರ್ತಾರ, ಮನಿ ಮಂದಿ ಇಕ್ಕಟ್ಟಿನ ಗೇಟಿನ್ಯಾಗ ಕೈಲೆ ದಬ್ಬಿರ್ತಾರ. ಒಳಗ ಒಂದು ಕ್ಲಚ್ ಇರತೈತಿ: ಏರುಪೇರು ಹಲ್ಲಿನ ಎರಡು ಬಿಲ್ಲಿ, ಮ್ಯಾಲೆ ಗಟ್ಟಿ ಸ್ಪ್ರಿಂಗ್. ಹೊರಗಿಂದ ಪೆಟ್ಟು ಬಿದ್ರ ಗೇರ್ ಮುರೀಬಾರದು ಅಂತ ಆ ಹಲ್ಲು ಜಾರತಾವು. ಜಾರಿದ ಮ್ಯಾಲೆ ಮೋಟಾರಿನ ಲೆಕ್ಕ ಬ್ಯಾರೆ, ಮಿರರ್ ನಿಂತ ಜಾಗ ಬ್ಯಾರೆ. ಅದಕ್ಕ ಅರ್ಧಕ್ಕ ನಿಲ್ಲತೈತಿ, ಇಲ್ಲಾ ಗಾಡಿ ಓಡೂಮುಂದ ಗಡಗಡ ಅಲ್ಲಾಡತೈತಿ.

ಸರಿ ಮಾಡೂದು ಹಿಂಗ. ಇಗ್ನಿಷನ್ ಆನ್ ಮಾಡ್ರಿ, ಮಡಚೂ ಬಟನ್ ಒತ್ರಿ, ಸದ್ದು ಪೂರ್ತಿ ನಿಲ್ಲೂತನಕ ಕಾಯ್ರಿ. ಆಮ್ಯಾಲೆ ಬಿಚ್ಚೂ ಬಟನ್. ಮೋಟಾರ್ ಓಡೂಮುಂದ ಮಿರರನ್ನ ಅದು ಹೊಂಟ ದಿಕ್ಕಿಗೇ ಕೈಲೆ ಮೆತ್ತಗ ಸಹಾಯ ಮಾಡ್ರಿ, ಎದುರು ದಬ್ಬಬ್ಯಾಡ್ರಿ. ಎಲ್ಲೋ ಒಂದ್ ಕಡೆ ‘ಠಕ್’ ಅಂತ ಗಟ್ಟಿ ಸದ್ದು ಬರತೈತಿ, ಹಲ್ಲು ಕೂಡಿದ್ವು ಅಂತ ಅರ್ಥ. ಎರಡ್ಮೂರು ಸರ್ತಿ ಮಾಡಿದ್ರ ಸಾಕು. ಮ್ಯಾಲಿಂದ ಮ್ಯಾಲೆ ಒತ್ತಿಕೋತ ಕುಂದ್ರಬ್ಯಾಡ್ರಿ, ಮೋಟಾರ್ ಕಾಯತೈತಿ. ಕೆಲವು ಗಾಡಿಯಾಗ ಬಿಸಿ ಆದ ಕೂಡ್ಲೆ ತಾನೇ ಬಂದ್ ಮಾಡ್ಕೊಂಡು ಒಂದಷ್ಟು ನಿಮಿಷ ಏನೂ ಕೇಳಂಗಿಲ್ಲ. ಆಗ ಕೆಟ್ಟೈತಿ ಅಂತ ಬಿಚ್ಚಾಕ ಹೋಗಬ್ಯಾಡ್ರಿ.

ಹ್ಯುಂಡೈ ಮ್ಯಾನ್ಯುವಲ್‌ನ್ಯಾಗ ಮೋಟಾರ್ ಮಿರರ್ ಕೈಲೆ ಮಡಚಬ್ಯಾಡ್ರಿ, ಮೋಟಾರ್ ಕೆಡತೈತಿ ಅಂತ ಸ್ವಚ್ಛ ಬರದಾರ. ಓದವ್ರು ಯಾರು?

ಹೊಸರಸ್ತೆ

ಎಲ್ಲ ಮಾಡಿ ನೋಡಿದೆ. ಕ್ಲಚ್ ಕೂಡಿಸೋ ಕ್ರಮದಿಂದ ಬದಲಾವಣೆ ಇಲ್ಲ. ಡೋರ್ ಪೂರ್ತಿ ತೆಗೆದು ಬಟನ್ ಒತ್ತಿದ್ರೆ ಹೆಚ್ಚು ಸಲ ಮಡಚುತ್ತೆ, ಮುಚ್ಚಿದಾಗ ಸಣ್ಣ ಗುಂಯ್ ಮಾತ್ರ. ಮಲ್ಟಿಮೀಟರ್ ಇದೆ. ಮುಂದೆ?

ಹನ್ನೆರಡು_ವೋಲ್ಟ್

ವೈರ್ ಪೂರ್ತಿ ತುಂಡಾಗಿಲ್ಲ, ಕೆಲವು ಎಳೆ ಉಳಿದಿವೆ ಅನ್ನೋ ಲಕ್ಷಣ ಇದು. ಮೊದಲು ಬ್ಯಾಟರಿ ನೋಡಿಬಿಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ರೆ ಮಿರರ್ ಪಂಚಾಯ್ತಿ ಬಿಟ್ಟು ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ.

ಈಗ ಮಿರರ್ ಕಪ್ಲರ್. ಒಳಗಡೆ, ಕಿಟಕಿ ಮುಂದಿನ ಮೂಲೆಯ ತ್ರಿಕೋನ ಪ್ಲಾಸ್ಟಿಕ್ ಮುಚ್ಚಳವನ್ನು ಪ್ಲಾಸ್ಟಿಕ್ ಮೀಟುಗೋಲಿನಿಂದ ಮೇಲಿನ ತುದಿಯಿಂದ ಎಬ್ಬಿಸಿ. ಕೆಲವು ಗಾಡಿಗಳಲ್ಲಿ ಕಪ್ಲರ್ ಅಲ್ಲೇ ಸಿಗುತ್ತೆ, ಹಲವದರಲ್ಲಿ ಡೋರ್ ಪ್ಯಾಡ್ ಬಿಚ್ಚಬೇಕು. ನಿಮ್ಮ ಮಾದರಿಯ ವೈರಿಂಗ್ ಚಿತ್ರ ಸಿಗದಿದ್ರೂ ಪರವಾಗಿಲ್ಲ. ಬಟನ್ ಒತ್ತಿದ ಕೆಲವೇ ಸೆಕೆಂಡ್ ಜೀವ ಬಂದು, ಮಡಚುವಾಗ-ಬಿಚ್ಚುವಾಗ ಪ್ಲಸ್ ಮೈನಸ್ ಅದಲುಬದಲಾಗುವ ಜೋಡಿ ಯಾವುದೋ ಅದೇ.

ಇಲ್ಲಿ ಬಹಳ ಜನ ಮೋಸ ಹೋಗ್ತಾರೆ. ಕಪ್ಲರ್ ಕಿತ್ತು, ಖಾಲಿ ಪಿನ್‌ನಲ್ಲಿ ಮೀಟರ್ ಇಟ್ಟು, 12 ವೋಲ್ಟ್ ತೋರಿಸ್ತು, ಹಾಗಾಗಿ ವೈರಿಂಗ್ ಸರಿ, ಮೋಟಾರ್ ಹೋಗಿದೆ ಅಂತ ತೀರ್ಪು ಕೊಡ್ತಾರೆ. ಮೀಟರ್ ಎಳೆಯೋ ಕರೆಂಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ವೈರ್‌ನ ಒಂದೇ ಎಳೆ ಉಳಿದಿದ್ರೂ ಅದು 12 ತೋರಿಸುತ್ತೆ. ಲೋಡ್ ಇದ್ದಾಗ, ಅಂದ್ರೆ ಮೋಟಾರ್ ಕರೆಂಟ್ ಎಳೆಯುವಾಗ ಅಳೆಯಬೇಕು. ಕಪ್ಲರ್ ಜೋಡಿಸಿಯೇ ಇಟ್ಟು, ಹಿಂಭಾಗದಿಂದ ಸಣ್ಣ ಗುಂಡುಸೂಜಿ ವೈರ್ ಪಕ್ಕ ತೂರಿಸಿ, ಅದಕ್ಕೆ ಮೀಟರ್ ಹಿಡಿಯಿರಿ. ಎರಡು ಸೂಜಿ ಒಂದಕ್ಕೊಂದು ತಾಗದಿರಲಿ. ಮಡಚುವ ಬಟನ್ ಒತ್ತಿದಾಗ ಮೂರು ಅಳತೆ ಬೇಕು:

ಅ) ಎರಡು ವೈರ್‌ಗಳ ನಡುವೆ
ಆ) ಪ್ಲಸ್ ವೈರ್‌ನಿಂದ ಗಾಡಿಯ ಲೋಹದ ಬಾಡಿಗೆ
ಇ) ಮೈನಸ್ ವೈರ್‌ನಿಂದ ಗಾಡಿಯ ಲೋಹದ ಬಾಡಿಗೆ

ಆಮೇಲೆ ಬಿಚ್ಚುವ ಬಟನ್ ಒತ್ತಿ ಅದೇ ಮೂರನ್ನು ಇನ್ನೊಮ್ಮೆ. ಡೋರ್ ತೊಂದರೆ ಕೊಡೋ ಕೋನದಲ್ಲೇ ಇರಲಿ, ಇಲ್ಲದಿದ್ರೆ ಅಳತೆ ಚೆನ್ನಾಗಿಯೇ ಬರುತ್ತೆ.

ಟೆಸ್ಟ್ ಲ್ಯಾಂಪ್ ಇದ್ರೆ ಕಪ್ಲರ್ ಬಿಚ್ಚಿ 12 ವೋಲ್ಟ್ 5 ವ್ಯಾಟ್ ಬಲ್ಬನ್ನೂ ಆ ಎರಡು ಪಿನ್‌ಗೆ ಕೊಡಬಹುದು. ಅದು 0.4 ಆಂಪಿಯರ್ ಎಳೆಯುತ್ತೆ. ಮಂಕಾಗಿ ಉರಿದ್ರೆ ವೈರ್ ದುರ್ಬಲ.

ಹೊಸರಸ್ತೆ

ಬ್ಯಾಟರಿ 12.4. ಮಡಚುವಾಗ ಎರಡು ವೈರ್ ನಡುವೆ 4.4. ನೀಲಿ ವೈರ್‌ನಿಂದ ಬಾಡಿಗೆ 12.0, ಕಂದು ವೈರ್‌ನಿಂದ ಬಾಡಿಗೆ 7.6. ಬಿಚ್ಚುವಾಗ ಉಲ್ಟಾ: ಕಂದುವಿನಲ್ಲಿ 4.5, ನೀಲಿಯಲ್ಲಿ 0.1. ಅರ್ತ್ ಪಾಯಿಂಟ್ ಬಿಗಿ ಮಾಡಿದ್ರೆ ಸರಿ ಹೋಗುತ್ತಾ?

ಹನ್ನೆರಡು_ವೋಲ್ಟ್

ಅರ್ತ್ ಮುಟ್ಟಬೇಡಿ. ಈ ಮೋಟಾರ್‌ನ ಮೈನಸ್ ನೇರ ಬಾಡಿಗೆ ಹೋಗಲ್ಲ, ಕಂಟ್ರೋಲ್ ಯೂನಿಟ್ ಅಥವಾ ಸ್ವಿಚ್ ಮೂಲಕವೇ ಹೋಗುತ್ತೆ, ಯಾಕಂದ್ರೆ ಅದೇ ವೈರ್ ಮರುಕ್ಷಣ ಪ್ಲಸ್ ಆಗಬೇಕು. ಯೂನಿಟ್‌ನ ಅರ್ತ್ ಕೆಟ್ಟಿದ್ರೆ ಎಡಗಡೇದೂ ನರಳಬೇಕಿತ್ತು.

ನಿಮ್ಮ ಅಳತೆಗಳು ಚೊಕ್ಕವಾಗಿವೆ. ಮಡಚುವಾಗ ನೀಲಿಯಲ್ಲಿ 12 ಬರ್ತಿದೆ, ಆ ವೈರ್ ಸರಿ. ವಾಪಸ್ ಹೋಗೋ ಕಂದುವಿನಲ್ಲಿ ಬಾಡಿಗೆ 0 ಹತ್ತಿರ ಇರಬೇಕಿತ್ತು, 7.6 ಇದೆ. ಅಷ್ಟೂ ವೋಲ್ಟ್ ಕಂದು ವೈರ್‌ನ ಕೆಟ್ಟ ಜಾಗದಲ್ಲೇ ಸುಟ್ಟು ಹೋಗ್ತಿದೆ, ಮೋಟಾರ್‌ಗೆ ಉಳಿಯೋದು 4.4. ಬಿಚ್ಚುವಾಗ ಕಂದು ಪ್ಲಸ್ ಆಗುತ್ತೆ, ಆಗ 12ರ ಬದಲು 4.5 ಮಾತ್ರ ತಲುಪ್ತಿದೆ. ಎರಡೂ ದಿಕ್ಕಿನಲ್ಲಿ ಒಂದೇ ವೈರ್ ಸಿಕ್ಕಿಬಿತ್ತು. ಮೋಟಾರ್ ನಿರಪರಾಧಿ. ಡೋರ್ ಕೋನದ ಸಾಕ್ಷಿಯೂ ಇರೋದರಿಂದ ರಬ್ಬರ್ ಬೂಟ್ ತೆಗೆಯಿರಿ.

ತಂತಿಪುರಾಣ

ಬೂಟ್ ಕೆಲಸದ ಬಗ್ಗೆ ನಾನು ಬರೀತೀನಿ, ಇದರಲ್ಲೇ ಜನ ಅವಸರ ಮಾಡಿ ಇನ್ನಷ್ಟು ಹಾಳು ಮಾಡೋದು.

ಬ್ಯಾಟರಿ ಮೈನಸ್ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಮುಂದಿನ ಡೋರ್ ಒಳಗೆ ಸೈಡ್ ಏರ್‌ಬ್ಯಾಗ್‌ನ ಸೆನ್ಸರ್ ಇರೋ ಗಾಡಿಗಳಿವೆ. ಕಪ್ಲರ್ ಕಿತ್ತಿರುವಾಗ ಇಗ್ನಿಷನ್ ಆನ್ ಮಾಡಿದ್ರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತೆ, ಆಮೇಲೆ ಸ್ಕ್ಯಾನರ್ ಬೇಕು. ಹಳದಿ ಕಪ್ಲರ್, ಹಳದಿ ಸುತ್ತಿನ ವೈರ್ ಕಂಡ್ರೆ ಕೈ ಹಾಕಲೇಬೇಡಿ. ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಒಂದೇ ಒತ್ತಿಗೆ ಏರೋ ಕಿಟಕಿ ಗಾಜು ಮರೆತಿರುತ್ತೆ. ಗಾಜು ಪೂರ್ತಿ ಏರಿಸಿ ಸ್ವಿಚ್ ಎರಡು ಸೆಕೆಂಡ್ ಎಳೆದು ಹಿಡಿದ್ರೆ ಹೆಚ್ಚಿನವು ಮತ್ತೆ ಕಲಿಯುತ್ತವೆ.

ಡೋರ್ ಪೂರ್ತಿ ತೆರೆದು ಬೂಟ್‌ನ ಎರಡೂ ತುದಿ ನಿಧಾನಕ್ಕೆ ಕೀಳಿ. ಒಂದು ತುದಿ ಕ್ಲಿಪ್‌ನಲ್ಲಿರಬಹುದು, ರಬ್ಬರ್ ಹರಿದ್ರೆ ಮಳೆನೀರು ನೇರ ಒಳಗೆ. ಬೂಟನ್ನು ವೈರ್ ಮೇಲೆ ಸರಿಸಿ ಪ್ರತಿ ವೈರನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಕವಚ ಸರಿಯಾಗೇ ಕಾಣುತ್ತೆ, ಒಳಗೆ ತಾಮ್ರ ತುಂಡಾಗಿರುತ್ತೆ. ಅಂಥ ವೈರ್ ಎಳೆದಾಗ ಒಂದು ಜಾಗದಲ್ಲಿ ಸಣ್ಣಗಾಗಿ ರಬ್ಬರ್‌ನ ಹಾಗೆ ಹಿಗ್ಗುತ್ತೆ. ಅದೇ ಜಾಗ.

ಅಲ್ಲೇ ಕಿತ್ತು, ಸುತ್ತಿ, ಕಪ್ಪು ಟೇಪ್ ಹಾಕಿ ಮುಗಿಸೋದು ಸಾಮಾನ್ಯ. ಹೆಚ್ಚು ದಿನ ಬಾಳಲ್ಲ, ಏಕೆಂದ್ರೆ ಜೋಡಣೆ ಬಿದ್ದದ್ದು ಮಡಚಿ ಬಿಚ್ಚೋ ಜಾಗದಲ್ಲೇ. ಸರಿಯಾದ ದಾರಿ: ಕೆಟ್ಟ ತುಂಡನ್ನು ಬೂಟ್‌ನ ಎರಡೂ ಬದಿಗೆ ಮೀರಿ ಕತ್ತರಿಸಿ ತೆಗೆದು, 0.5 ಚದರ ಮಿಲಿಮೀಟರ್‌ನ, ಸಣ್ಣ ಎಳೆಗಳು ಹೆಚ್ಚಿರುವ ಮೆತ್ತನೆಯ ಆಟೋ ವೈರ್ ಹಾಕಿ. ಒಂದು ಜೋಡಣೆ ಡೋರ್ ಒಳಗೆ, ಇನ್ನೊಂದು ಜೋಡಣೆ ಡೋರ್ ಹಿಂಜ್ ಕೂರೋ ಕಂಬದ (ಪಿಲ್ಲರ್) ಒಳಗೆ ಬೀಳಲಿ. ಬೂಟ್ ಒಳಗೆ ಒಂದೇ ಅಖಂಡ ವೈರ್ ಇರಲಿ. ಡೋರ್ ಪೂರ್ತಿ ತೆಗೆದಾಗ ಎಳೆತ ಬೀಳದಷ್ಟು ಉದ್ದ ಬಿಡಿ. ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಹೀಟ್ ಶ್ರಿಂಕ್ ಕೊಳವೆಯನ್ನು ಜೋಡಿಸೋಕೆ ಮುಂಚೆಯೇ ವೈರ್‌ಗೆ ಪೋಣಿಸಿಡಿ (ಇದನ್ನ ಮರೆತು ಮತ್ತೆ ಕತ್ತರಿಸೋದು ನಮ್ಮ ವೃತ್ತಿಯ ಸಂಪ್ರದಾಯ). ನಾಲ್ಕೈದು ವೈರ್ ಒಟ್ಟಿಗೆ ಬದಲಿಸ್ತಿದ್ರೆ ಜೋಡಣೆಗಳು ಒಂದೇ ಸಾಲಿನಲ್ಲಿ ಬರದಂತೆ ಮುಂದೆ ಹಿಂದೆ ಮಾಡಿ, ಇಲ್ಲದಿದ್ರೆ ಗಂಟು ದಪ್ಪವಾಗಿ ರಂಧ್ರದಲ್ಲಿ ಹೋಗಲ್ಲ.

ಒಂದು ವೈರ್ ತುಂಡಾಗಿದ್ರೆ ಪಕ್ಕದವೂ ಸರದಿಯಲ್ಲಿವೆ. ಕಿಟಕಿ, ಸ್ಪೀಕರ್, ಲಾಕ್ ಆಗಾಗ ಕೈ ಕೊಡ್ತಿದ್ರೆ ಈಗಲೇ ಅವನ್ನೂ ನೋಡಿಬಿಡಿ.

ಕಡಲತಡಿ

ವೈರ್ ಜೋಡಿಸಲಿಕ್ಕೆ ಸೋಲ್ಡರ್ (ಲೋಹ ಕರಗಿಸಿ ಬೆಸೆಯುವುದು) ಮಾಡುದಾ, ಕ್ರಿಂಪ್ (ಲೋಹದ ತುಂಡಿನಲ್ಲಿಟ್ಟು ಒತ್ತಿ ಬಿಗಿಯುವುದು) ಮಾಡುದಾ?

ತಂತಿಪುರಾಣ

ಅಲ್ಲಾಡದ ಜಾಗದಲ್ಲಿ ಎರಡೂ ನಡೆಯುತ್ತೆ. ನನ್ನ ಆಯ್ಕೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಜೊತೆ ಕ್ರಿಂಪ್. ಸೋಲ್ಡರ್ ಹೀರಿದ ಎಳೆಗಳು ಸರಳಿನಂತೆ ಗಟ್ಟಿಯಾಗುತ್ತವೆ, ಅಲ್ಲಾಡಿದ್ರೆ ಆ ಗಟ್ಟಿ ಭಾಗ ಮುಗಿಯೋ ಅಂಚಿನಲ್ಲೇ ಮುರಿಯುತ್ತೆ.

ಹುಬ್ಳಿ_ಗ್ಯಾರೇಜ್

ನಾ ಒಪ್ಪಂಗಿಲ್ಲ. ಪಕ್ಕಡದಾಗ ಒತ್ತಿದ ಕ್ರಿಂಪಿಗಿಂತ ಚಲೋ ಸೋಲ್ಡರ್ ನೂರು ಪಾಲು ಮೇಲು. ಕ್ರಿಂಪಿಂಗ್ ಟೂಲ್ ಇದ್ದವ್ರು ಕ್ರಿಂಪ್ ಮಾಡ್ರಿ, ಇಲ್ಲದವ್ರು ಸೋಲ್ಡರ್ ಮಾಡ್ರಿ. ಜಾಗ ಮಾತ್ರ ಅವ್ರು ಹೇಳಿದ್ದಽ ಖರೆ, ಬೂಟಿನ ಹೊರಗ.

ಕಡಲತಡಿ

ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೊಂದು ಕಾರಣ ಉಂಟು ಮಾರಾಯ್ರೆ. ಮಿರರ್ ತಿರುಗುವ ಬುಡದಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಎರಕ, ಅದರ ಮೇಲೆ ಉಕ್ಕಿನ ಸ್ಪ್ರಿಂಗ್. ಉಪ್ಪುಗಾಳಿ, ಮಳೆ ಎರಡೂ ಸೇರಿ ಅಲ್ಲಿ ಬಿಳಿ ಹುಡಿ ಕಟ್ಟುತ್ತದೆ. ಮೋಟಾರಿಗೆ 12 ವೋಲ್ಟ್ ಪೂರ್ತಿ ಬಂದರೂ ತಿರುಗಿಸಲಿಕ್ಕೆ ಆಗುವುದಿಲ್ಲ. ಗುರುತು: ಬೆಳಿಗ್ಗೆ ಮೊದಲ ಸಲ ಹಿಡಿಯುತ್ತದೆ, ಎರಡು ಸಲ ಆದ ಮೇಲೆ ಸಲೀಸು. ಅಥವಾ ಕಿರ್ ಅಂತ ಸದ್ದು.

ಕೆಲವರು ಕೂಡಲೇ ಡಬ್ಲ್ಯೂಡಿ-40 ಹೊಡೆಯುತ್ತಾರೆ. ಒಂದು ವಾರ ಚಂದ ಆಗ್ತದೆ, ಮತ್ತೆ ಮೊದಲಿಗಿಂತ ಕಷ್ಟ. ಅದು ನೀರು ಹೊರಗೆ ಹಾಕಲಿಕ್ಕೆ ಒಳ್ಳೆಯದು. ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗ್ತದೆ, ತೆಳ್ಳಗೆ ಉಳಿದದ್ದಕ್ಕೆ ಧೂಳು ಹಿಡಿಯುತ್ತದೆ. ಬೇಕಾದದ್ದು ಸಿಲಿಕೋನ್ ಸ್ಪ್ರೇ. ಮಿರರ್ ಅರ್ಧ ಮಡಚಿದ ಸ್ಥಿತಿಯಲ್ಲಿ ನಿಲ್ಲಿಸಿ, ಬುಡದ ಸಂದಿಯನ್ನು ಸಾದಾ ನೀರಿನಲ್ಲಿ ತೊಳೆದು, ಒಣಗಿಸಿ, ಸ್ಪ್ರೇಯ ಸಪೂರ ನಳಿಗೆ ಸಂದಿಗೆ ಇಟ್ಟು ಸುತ್ತಲೂ ಸಣ್ಣಗೆ ಹೊಡೆಯಿರಿ. ನಾಲ್ಕೈದು ಸಲ ಮಡಚಿ ಬಿಚ್ಚಿ, ಒಸರಿದ್ದನ್ನು ಒರೆಸಿ. ಗಾಜಿನ ಮೇಲೆ ಬಿದ್ದರೆ ಮಳೆಯಲ್ಲಿ ಹಿಂದಿನದ್ದು ಏನೂ ಕಾಣುವುದಿಲ್ಲ, ಬಟ್ಟೆ ಅಡ್ಡ ಹಿಡಿಯಿರಿ. ವಾಷಿಂಗ್‌ನಲ್ಲಿ ಪ್ರೆಶರ್ ಗನ್ನನ್ನು ಆ ಸಂದಿಗೆ ನೇರ ಹಿಡಿಯಲಿಕ್ಕೆ ಬಿಡಬೇಡಿ. ಮಿರರ್ ಕೆಳಗೆ ನೀರು ಹೋಗುವ ಸಣ್ಣ ತೂತು ಇರ್ತದೆ, ಕೆಸರು ಕಟ್ಟಿದ್ದರೆ ಕಡ್ಡಿಯಲ್ಲಿ ಬಿಡಿಸಿ.

ಗುಂಡುಸೂಜಿ

ನನ್ನದು ಗರಗರ ಸದ್ದಿನ ಕೇಸ್. ಕ್ಲಚ್ ಕೂಡಿಸೋ ಕ್ರಮ ಮಾಡಿದ್ರೂ ‘ಠಕ್’ ಬರ್ತಿಲ್ಲ. ಮೋಟಾರ್ ಮಾತ್ರ ಬದಲಿಸಬಹುದಾ?

ಹುಬ್ಳಿ_ಗ್ಯಾರೇಜ್

ಹಂಗಾದ್ರ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗ್ಯಾವು. ಮಡಚೂ ಯೂನಿಟ್ ಬಿಡಿಯಾಗಿ ಸಿಗೂ ಗಾಡಿನೂ ಅದಾವು, ಕಂಪನಿಯವ್ರು ಅಸೆಂಬ್ಲಿ ಅಷ್ಟಽ ಕೊಡೂ ಗಾಡಿನೂ ಅದಾವು. ತಗೊಳ್ಳೂಮುಂದ ಎಡ-ಬಲ ನೋಡ್ರಿ, ಶಾಫ್ಟಿನ ಹಲ್ಲು, ವೈರಿನ ಪಿನ್ ಎಷ್ಟು ಅಂತ ಎಣಿಸ್ರಿ.

ಬಿಚ್ಚೂ ಕ್ರಮ. ಗ್ಲಾಸನ್ನ ಒಂದ್ ಕಡೆ ಪೂರ್ತಿ ಒಳಗ ವಾಲಿಸ್ರಿ, ಎದ್ದ ಅಂಚಿನ ಹಿಂದ ಪ್ಲಾಸ್ಟಿಕ್ ಮೀಟುಗೋಲು ಹಾಕಿ ಕ್ಲಿಪ್ ಬಿಡಿಸ್ರಿ. ಚಳಿಗಾಲದಾಗ ಹೇರ್ ಡ್ರೈಯರ್‌ಲೆ ಸ್ವಲ್ಪ ಕಾಯಿಸಿಕೊಂಡ್ರ ಕ್ಲಿಪ್ ಮುರಿಯಂಗಿಲ್ಲ. ಹೀಟರ್ ಇದ್ರ ಗ್ಲಾಸಿನ ಹಿಂದ ಎರಡು ವೈರ್ ಇರತಾವು, ಜಗ್ಗಬ್ಯಾಡ್ರಿ, ಟರ್ಮಿನಲ್ ಹಿಡಿದು ತಗೀರಿ. ಆಮ್ಯಾಲೆ ಹಿಂದಿನ ಬಣ್ಣದ ಕ್ಯಾಪ್. ಡೋರ್ ಒಳಗಿಂದ ಸಾಮಾನ್ಯವಾಗಿ 10 ಮಿಲಿಮೀಟರ್ ಸ್ಪ್ಯಾನರಿನ ಮೂರು ನಟ್ಟು. ಕೆಳಗ ರಂಧ್ರಕ್ಕ ಬಟ್ಟಿ ತುರುಕಿ ಬಿಚ್ರಿ, ನಟ್ಟು ಡೋರ್ ಒಳಗ ಬಿದ್ರ ಅರ್ಧ ದಿನ ಹೋತು. ಕಡೀ ನಟ್ಟು ತಗಿಯೂಮುಂದ ಹೊರಗ ಒಬ್ರು ಮಿರರ್ ಹಿಡಕೊಂಡಿರಬೇಕು.

ಮಡಚೂ ಯೂನಿಟ್ ಮೂರು ಸ್ಕ್ರೂದಾಗ ಕುಂತಿರತೈತಿ. ತ್ರಾಸು ಅದಲ್ಲ. ಎಲ್ಲಾ ವೈರ್ ಆ ಯೂನಿಟಿನ ನಡುವಿನ ಪೊಳ್ಳು ಶಾಫ್ಟಿನ್ಯಾಗಿಂದ ಹಾದು ಬಂದಿರತಾವು. ಕಪ್ಲರಿಂದ ಪಿನ್ ಒಂದೊಂದಽ ತಗೀಬೇಕು. ಮೊದಲು ಮೊಬೈಲಿನ್ಯಾಗ ಫೋಟೊ ತಗೀರಿ, ಯಾವ ಬಣ್ಣ ಯಾವ ಮನ್ಯಾಗ ಅಂತ. ಸ್ಪ್ರಿಂಗ್ ಇರೂ ತಟ್ಟಿ ಬಿಚ್ಚೂಮುಂದ ಕಣ್ಣಿಗೆ ಕನ್ನಡಕ ಬೇಕಽ ಬೇಕು. ಒತ್ತಿ ಹಿಡಿದ ಸ್ಪ್ರಿಂಗ್ ಹಾರಿದ್ರ ಮುಖಕ್ಕಽ ಬರತೈತಿ.

ಹೊಸಾ ಯೂನಿಟ್ ಜೋಡಿಸೂಕಿಂತ ಮೊದಲು ಹೊರಗಽ ಓಡಿಸಿ ನೋಡ್ರಿ. 12 ವೋಲ್ಟ್ ಬ್ಯಾಟರಿ, ನಡುವ 5 ಆಂಪಿಯರ್ ಫ್ಯೂಸ್. ಕೊನಿ ಮುಟ್ಟಿದ ಕೂಡ್ಲೆ ವೈರ್ ತಗೀರಿ.

ಹನ್ನೆರಡು_ವೋಲ್ಟ್

ಕೊನೆಯ ಮಾತಿಗೆ ಒತ್ತು ಕೊಡ್ತೀನಿ. ಕೆಲವು ಯೂನಿಟ್‌ಗಳಲ್ಲಿ ಕೊನೆ ಮುಟ್ಟಿದಾಗ ಕರೆಂಟ್ ತಡೆಯೋ ಭಾಗ ಒಳಗೇ ಇರುತ್ತೆ, ಕೆಲವದರಲ್ಲಿ ಆ ಕೆಲಸ ಗಾಡಿಯ ಕಂಟ್ರೋಲ್ ಯೂನಿಟ್‌ದು. ಎರಡನೇ ಜಾತಿಗೆ ನೇರ ಬ್ಯಾಟರಿ ಕೊಟ್ಟು ಹಾಗೇ ಹಿಡಿದ್ರೆ ಮೋಟಾರ್ ನಿಂತಲ್ಲೇ ಸುಡುತ್ತೆ.

ರಾಗಿಮುದ್ದೆ_ರೈಡ್ಸ್

ಬಟನ್ ಮಾತ್ರ ಇರೋ ವೇರಿಯಂಟ್‌ಗೆ ಆನ್‌ಲೈನ್‌ನಲ್ಲಿ ಆಟೋ ಫೋಲ್ಡ್ ಮಾಡ್ಯೂಲ್ ಸಿಗುತ್ತಲ್ಲ, ಹಾಕಿಸಬಹುದಾ?

ತಂತಿಪುರಾಣ

ಕೆಲಸ ಮಾಡುತ್ತೆ. ಅದು ಡೋರ್ ಲಾಕ್ ಮೋಟಾರ್‌ನ ಎರಡು ವೈರ್‌ಗೆ ಕಿವಿಗೊಟ್ಟು ಕೂತಿರುತ್ತೆ. ಲಾಕ್ ಆದಾಗ ಒಂದರಲ್ಲಿ, ಅನ್‌ಲಾಕ್ ಆದಾಗ ಇನ್ನೊಂದರಲ್ಲಿ ಕ್ಷಣಕಾಲ 12 ವೋಲ್ಟ್ ಬರುತ್ತೆ. ಅದನ್ನು ನೋಡಿ ಮಿರರ್‌ಗೆ ಕೆಲವು ಸೆಕೆಂಡ್ ಕರೆಂಟ್ ಬಿಡುತ್ತೆ. ಒರಿಜಿನಲ್ ವೈರ್ ಕತ್ತರಿಸದೆ ನಡುವೆ ಸೇರಿಸೋ ಕಪ್ಲರ್ ಮಾದರಿಯೇ ಆರಿಸಿ. ವೈರ್ ಸುಲಿದು ಸುತ್ತಿ ಹಾಕಿದ್ರೆ ವಾರಂಟಿ ತಕರಾರು ಗ್ಯಾರಂಟಿ.

ಹಾಕಿಸಿದ ಮೇಲೆ ಗಾಡಿ ಲಾಕ್ ಮಾಡಿ, ಅರ್ಧ ಗಂಟೆ ಮಲಗೋಕೆ ಬಿಟ್ಟು, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗ್ತಿದೆ ಅಂತ ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆಸಿ. ಒಟ್ಟು 50 ಮಿಲಿಆಂಪಿಯರ್ ಒಳಗಿದ್ರೆ ಚಿಂತೆ ಇಲ್ಲ. ಅಗ್ಗದ ಮಾಡ್ಯೂಲ್ ಒಂದು ಹೆಚ್ಚುವರಿಯಾಗಿ 100 ಮಿಲಿಆಂಪಿಯರ್ ಎಳೆದ್ರೆ ದಿನಕ್ಕೆ 2.4 ಆಂಪಿಯರ್-ಅವರ್, ಹತ್ತು ದಿನಕ್ಕೆ 24. ಬ್ಯಾಟರಿ 45 ಆಂಪಿಯರ್-ಅವರ್‌ನದ್ದಾದ್ರೆ ಊರಿಗೆ ಹೋಗಿ ಬರೋದ್ರೊಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ.

ಹಿಮದೂರು

ಕೆನಡಾದಲ್ಲಿರುವವರಿಗೆ ಒಂದು ಸೇರ್ಪಡೆ. ಸೊನ್ನೆಗಿಂತ ಕೆಳಗೆ ಹೋದಾಗ ಬುಡದ ಸಂದಿಯಲ್ಲಿ ನೀರು ಹೆಪ್ಪುಗಟ್ಟುತ್ತೆ. ಮೋಟಾರ್ ತಿಣುಕಿ ಗೇರ್ ಹಲ್ಲು ಹೋಗೋದು ಈ ಕಾಲದಲ್ಲೇ. ಮಿರರ್ ಹೀಟರ್ ಕರಗಿಸೋದು ಗಾಜಿನ ಮೇಲಿನ ಮಂಜನ್ನು, ಬುಡಕ್ಕೆ ಅದರ ಬಿಸಿ ತಲುಪಲ್ಲ. ಬಿಸಿನೀರು ಸುರಿದ್ರೆ ಗಾಜು ಸೀಳಬಹುದು. ಡಿ-ಐಸರ್ ಸ್ಪ್ರೇ ಹೊಡೆದು ಕಾಯಿರಿ. ಅದಕ್ಕಿಂತ ಸುಲಭ, ನವೆಂಬರ್ ಬಂದ ಕೂಡಲೇ ಸೆಟ್ಟಿಂಗ್‌ನಲ್ಲಿ ಆಟೋ ಫೋಲ್ಡ್ ಆಫ್ ಮಾಡಿ, ಏಪ್ರಿಲ್‌ವರೆಗೆ ಮರೆತುಬಿಡಿ.

ಹೊಸರಸ್ತೆ

ಬೂಟ್ ಒಳಗೆ ಕಂದು ವೈರ್ ಹೇಳಿದ ಹಾಗೇ ಹಿಗ್ಗಿತು. ಪಕ್ಕದ ಇನ್ನೊಂದರ ಕವಚವೂ ಸೀಳಿತ್ತು, ಎರಡನ್ನೂ ಬದಲಿಸಿದ್ದಾಯ್ತು. ಈಗ ಲೋಡ್‌ನಲ್ಲಿ ಎರಡು ವೈರ್ ನಡುವೆ 11.8. ಡೋರ್ ಯಾವ ಕೋನದಲ್ಲಿದ್ರೂ ಮಡಚುತ್ತೆ. ಆದ್ರೆ ಬಲಗಡೇದು ಎಡಗಡೇದಕ್ಕಿಂತ ಅರ್ಧ ಸೆಕೆಂಡ್ ತಡವಾಗಿ ಮುಗಿಸುತ್ತೆ. ಏನಾದ್ರೂ ಬಾಕಿ ಇದೆಯಾ?

ಹನ್ನೆರಡು_ವೋಲ್ಟ್

ಎಡಗಡೆ ಕಪ್ಲರ್‌ನಲ್ಲೂ ಲೋಡ್ ಅಳತೆ ತೆಗೆಯಿರಿ. ಎರಡೂ ಕಡೆ 11.8 ಆಸುಪಾಸು ಇದ್ರೆ ವೈರಿಂಗ್ ಕೆಲಸ ಮುಗೀತು. ಉಳಿದದ್ದು ಬುಡದ ಬಿಗಿತ, ಸಿಲಿಕೋನ್ ಸ್ಪ್ರೇ ಸಾಕು. ಕಡಿಮೆ ವೋಲ್ಟ್‌ನಲ್ಲಿ ತಿಣುಕಿದ ಮೋಟಾರ್ ಸ್ವಲ್ಪ ದಣಿದಿದ್ರೂ ಅರ್ಧ ಸೆಕೆಂಡ್‌ಗೆ ಬದಲಿಸೋ ಅಗತ್ಯ ಇಲ್ಲ. ಒಂದೂವರೆ ಎರಡು ಸೆಕೆಂಡ್ ವ್ಯತ್ಯಾಸ ಬಂದ್ರೆ, ಇಲ್ಲವೇ ಓಡುವಾಗ ಗಾಳಿಗೆ ಮಿರರ್ ಅಲ್ಲಾಡಿದ್ರೆ ಆಗ ಬಿಚ್ಚಿ ನೋಡಿ.

ಕಡಲತಡಿ

ಬಿಚ್ಚುವಾಗ ಒಳಗೆ ಕೆಂಪಿರುವೆ ಗೂಡು ಉಂಟಾ ಅದೂ ನೋಡಿ. ಮಾವಿನ ಮರದ ಕೆಳಗೆ ನಿಲ್ಲಿಸುವ ಗಾಡಿ ಆದರೆ ಅರ್ಧಕ್ಕೆ ನಿಲ್ಲಲಿಕ್ಕೆ ಅದೂ ಒಂದು ಕಾರಣ. ಸಕ್ಕರೆ ನೀರು, ಸೀಮೆಎಣ್ಣೆ ಪ್ರಯೋಗ ಬೇಡ, ಸೀಮೆಎಣ್ಣೆಗೆ ರಬ್ಬರ್ ಉಬ್ಬುತ್ತದೆ. ಗ್ಲಾಸ್ ತೆಗೆದು ಬ್ಲೋವರ್ ಹೊಡೆದರೆ ಸಾಕು, ಮತ್ತೆ ಗಾಡಿ ನಿಲ್ಲಿಸುವ ಜಾಗ ಬದಲಿಸಿ.